ನೇರ ಲಂಡನ್ನಿಗೆ

ಹಾಲೆಂಡಿನ ವ್ಯಾಪಾರಿ ಫೋನ್ ಇಟ್ಟ ಕೂಡಲೇ ಮಾಂತು ಪುಣೆಯ ಹಡಪ್ಸರದ ತನ್ನ ಕಾರ್ಖಾನೆಯ ಬಾಗಿಲಲ್ಲಿದ್ದ ಶೇಂಗಾ ಚಟ್ನಿಯ ಪೆಟ್ಟಿಗೆಗಳನ್ನು ಒಳಗೆಳೆಯತೊಡಗಿದ. "ಬ್ರಿಟನ್ ಯುರೋಪ್ ಒಕ್ಕೂಟ ಬಿಟ್ಟ ಮ್ಯಾಲೆ ಗಡಿ ತಪಾಸಣಿ ಭಾಳ ಆಗ್ಯದಂತ. ಇನ್ನ ನಮ್ಮ ಮಾಲು ಲಂಡನ್ನಿಗೆ ಮುಟ್ಟಸಂಗಿಲ್ಲ ಅಂದ. ಮುಗೀತು."

ಹೆಂಡತಿ ರೇಣು ಪೆಟ್ಟಿಗೆಯ ಮೇಲೆ ಕೈಯಿಟ್ಟು ತಡೆದಳು. "ಅವರು ಬಿಟ್ಟಿದ್ದು ಒಕ್ಕೂಟನ್ರಿ, ನಮ್ಮ ಚಟ್ನಿ ಅಲ್ಲ. ಈಗ ಬ್ರಿಟನ್ ತನ್ನ ವ್ಯಾಪಾರದ ಕರಾರು ತಾನ ಮಾಡ್ಕೋತದ. ನಮ್ಮ ದೇಶದ ಜೋಡಿನೂ ಸಹಿ ಆಗ್ಯದ." ಹಾಲೆಂಡಿನ ವಿಳಾಸದ ಚೀಟಿಯನ್ನು ಉಗುರಿನಿಂದ ಕಿತ್ತುಹಾಕಿ, ಲಂಡನ್ನಿನ ತನ್ನ ಅಂಗಡಿಯಲ್ಲಿ ಇದೇ ಚಟ್ನಿ ಮಾರುತ್ತಿದ್ದ ಮಂಗಳೂರಿನ ಉಮಾವತಿಗೆ ಫೋನ್ ಹಚ್ಚಿದಳು.

"ಪುಣೆಯಿಂದ ಸೀದಾ ಕಳಸ್ತೀವ್ರಿ. ತಗೋತೀರೇನು?"

"ಡಬಲ್ ಕಳ್ಸಿ ಮಾರಾಯ್ರೆ! ನಡುವೆ ಹಾಲೆಂಡ್ ಎಂತಕ್ಕೆ?"

ಮಾಂತು ನಗುತ್ತ ಹೋಗಿ ಶೇಂಗಾ ಹುರಿಯುವ ಯಂತ್ರದ ಸ್ವಿಚ್ ಒತ್ತಿದ.