ಪಕ್ಕದ ಕಟ್ಟಡದ ಕೋಣೆ

"ಮೇಡಂ, ಮೂರನೇ ಮಹಡೀಲಿ ಒಂದು ಫ್ಯಾನ್ ತಿರುಗ್ತಾ ಇದೆ" ಎಂದು ಯಂತ್ರ ನಡೆಸುವವನು ವಾಕಿಟಾಕಿಯಲ್ಲಿ ಹೇಳಿದಾಗ ಇಂಜಿನಿಯರ್‌ಗೆ ನಗು ಬಂತು. ಕೆಡವಬೇಕಾದ ಕಟ್ಟಡಕ್ಕೆ ಕರೆಂಟೇ ಇರಲಿಲ್ಲ. ತಂತಿ ಕತ್ತರಿಸಿ ಮೀಟರು ಕಿತ್ತುಕೊಂಡು ಹೋದದ್ದನ್ನು ಅವಳೇ ಮುಂದೆ ನಿಂತು ನೋಡಿದ್ದಳು.

"ಗಾಳಿಗೆ ತಿರುಗ್ತಿರಬೇಕು ಬಿಡಿ."

"ಗಾಳಿಗೆ ತಿರುಗೋದು ನನಗೆ ಗೊತ್ತಾಗಲ್ವಾ ಮೇಡಂ? ಇದು ಭರ್ರನೆ ತಿರುಗ್ತಿದೆ. ನೀವು ನೋಡಿ ಹೇಳೋವರೆಗೆ ನಾನಂತೂ ಯಂತ್ರ ಮುಟ್ಟಲ್ಲ."

ಬಂದು ನೋಡಿದಳು. ಹಳೆಯ ಅಂಗಡಿ ಸಂಕೀರ್ಣದ ಆ ಮೂಲೆಗೆ ಹೊದಿಸಿದ್ದ ಹಸಿರು ಪರದೆಯನ್ನು ಕೆಲಸ ಶುರುಮಾಡಲೆಂದು ಆಗಷ್ಟೇ ಇಳಿಸಿದ್ದರು. ಧೂಳು ಹಿಡಿದ ಕಿಟಕಿಯೊಳಗೆ ಫ್ಯಾನೊಂದು ತನ್ನ ಪಾಡಿಗೆ ತಾನು ತಿರುಗುತ್ತಿತ್ತು. ಹೆಲ್ಮೆಟ್ ಬಿಗಿದುಕೊಂಡು ಮೆಟ್ಟಿಲು ಹತ್ತಿದಳು. ಆ ಮೂಲೆಯಲ್ಲಿ ಕೋಣೆಯೇ ಇಲ್ಲ. ಸುಣ್ಣ ಬಳಿದ ಬೋಳು ಗೋಡೆ, ಅದರ ಮೇಲೆ ಯಾವುದೋ ಟೈರಿನ ಹಳೇ ಜಾಹೀರಾತು. ಬೆಳಿಗ್ಗೆ ಪ್ರತಿಯೊಂದು ಬಾಗಿಲು ತೆಗೆದು, ಯಾರಾದರೂ ಇದ್ದೀರಾ ಎಂದು ಗಂಟಲು ಹರಿಯುವಂತೆ ಕೂಗಿದ್ದಳು. ಕಟ್ಟಡ ಖಾಲಿ ಎಂದು ಹೇಳಿ ಇಳಿಯುವಾಗ ಇದೇ ಗೋಡೆಯನ್ನು ಹಾದುಹೋಗಿದ್ದಳು. ಕೆಳಗಿಳಿದು ನೋಡಿದರೆ ಫ್ಯಾನು ಇದೆ, ಮೇಲೆ ಬಂದರೆ ಕೋಣೆ ಇಲ್ಲ. ತನ್ನ ತಲೆ ನೆಟ್ಟಗಿದೆಯೇ ಎಂದು ಅವಳಿಗೇ ಅನುಮಾನ ಬಂತು. ಮತ್ತೆ ಹತ್ತಿ ಹೋಗಿ ಗೋಡೆಗೆ ಕಿವಿಯಿಟ್ಟಳು.

ಆಚೆ ಯಾರೋ ಕೆಮ್ಮಿದರು.

ಈ ಕಡೆ ಬಾಗಿಲಿಲ್ಲ ಎಂದರೆ ದಾರಿ ಆಚೆ ಕಡೆಯಿಂದಲೇ ಇರಬೇಕು. "ಯಂತ್ರ ಆರಿಸಿ ಕೆಳಗಿಳೀರಿ. ಕೀಲಿ ನಿಮ್ಮ ಜೇಬಲ್ಲಿರಲಿ. ಯಾರು ಕೇಳಿದರೂ ಕೊಡಬೇಡಿ" ಎಂದು ವಾಕಿಟಾಕಿಗೆ ಹೇಳಿ, ಒತ್ತಿಕೊಂಡೇ ನಿಂತಿದ್ದ ಪಕ್ಕದ ಕಟ್ಟಡಕ್ಕೆ ಓಡಿದಳು. ಅಲ್ಲಿ ಮೂರನೇ ಮಹಡಿಯಲ್ಲಿ ರೇಡಿಯೋ, ಆಂಪ್ಲಿಫೈಯರ್ ರಿಪೇರಿ ಅಂಗಡಿ. ಗಲ್ಲಾದಲ್ಲಿ ರಿಪೇರಿಯವನ ಹೆಂಡತಿ ಕೂತಿದ್ದಳು. ಧೂಳು ಬರುತ್ತದೆ, ಸದ್ದಾಗುತ್ತದೆ ಎಂದು ಹೇಳಿಹೋಗಲು ಹೋದ ವಾರ ಬಂದಾಗ, ಒಳಗೇನೂ ಇಲ್ಲ, ಇಷ್ಟೇ ಅಂಗಡಿ ಎಂದಿದ್ದವಳು ಇವಳೇ.

"ಅಮ್ಮಾ, ಈ ಬೀರುಗಳ ಹಿಂದೆ ಕೋಣೆ ಇದೆಯಾ?"

"ಇಲ್ವಲ್ಲ."

"ಗೋಡೆ ಆಚೆ ಯಾರೋ ಕೆಮ್ಮಿದ್ರು. ಫ್ಯಾನ್ ಓಡ್ತಿದೆ."

ಹೆಂಗಸು ಥಟ್ಟನೆ ಬೀರುಗಳ ಕಡೆ ತಿರುಗಿದಳು. "ಇವತ್ತು ಅಂಗಡಿ ಕಡೆ ತಲೆ ಹಾಕಬೇಡಿ ಅಂತ ಹೇಳಿ ನಮ್ಮವರನ್ನ ಮನೇಲೇ ಬಿಟ್ಟು ಬಂದಿದ್ದೀನಿ" ಎನ್ನುತ್ತಲೇ ಎದ್ದು, ಎರಡು ಬೀರುಗಳ ನಡುವಿನ ಪರದೆಯನ್ನು ಎಳೆದಳು.

ಒಳಗೆ ರಿಪೇರಿಯವನು ಕಿವಿ ಮುಚ್ಚುವ ಹೆಡ್‌ಫೋನ್ ಹಾಕಿಕೊಂಡು, ಬಿಚ್ಚಿದ ಆಂಪ್ಲಿಫೈಯರ್ ಮೇಲೆ ಬಗ್ಗಿದ್ದ. ಅವನ ಬೆನ್ನ ಹಿಂದಿನ ಕಿಟಕಿಯ ತುಂಬ ಯಂತ್ರದ ಕಬ್ಬಿಣದ ಹಲ್ಲು. ಹೆಲ್ಮೆಟ್ ಹಾಕಿದ ಹೆಂಗಸು ಒಳಗೆ ನುಗ್ಗಿದ್ದು ಕಂಡು ಹೆಡ್‌ಫೋನ್ ತೆಗೆದ.

"ಪಕ್ಕದ ಕಟ್ಟಡ ಕೆಡವ್ತೀರಂತೆ, ಗೊತ್ತು. ಅದಕ್ಕೇ ಕಿಟಕಿ ಭದ್ರ ಮಾಡ್ಕೊಂಡಿದ್ದೀನಿ" ಎಂದ. ಹೆಂಡತಿಯ ಕಡೆ ತಿರುಗಿ, "ಇದೊಂದು ಇವತ್ತೇ ಕೊಡಬೇಕಿತ್ತು. ನೀನು ಹಾಲಿಗೆ ಹೋದಾಗ ಬಂದು ಕೂತೆ" ಎಂದು ಸಮಜಾಯಿಷಿ ಕೊಟ್ಟ.

"ಸ್ವಾಮಿ, ನೀವು ಕೂತಿರೋದೇ ಆ ಕಟ್ಟಡದಲ್ಲಿ. ಎದ್ದು ಬನ್ನಿ."

"ಇಲ್ಲಮ್ಮ, ನಿಮಗೆಲ್ಲೋ ತಪ್ಪಾಗಿದೆ. ಇದು ನಮ್ಮ ಮಾವ ಕೊಟ್ಟ ಕೋಣೆ. ಮದುವೆ ಆದ ಹೊಸದರಲ್ಲಿ ಕೈ ಹಿಡಿದು ಕರ್ಕೊಂಡು ಬಂದು, ಅಳಿಯಂದಿರೇ, ಇದು ನಿಮ್ಮದು ಅಂದ್ರು. ಪಕ್ಕದ ಕಟ್ಟಡ ಅಂದ್ರೆ ಅದಲ್ವಾ?" ಅವನು ತೋರಿಸಿದ್ದು ಅವಳು ಆಚೆಯಿಂದ ಕಿವಿಯಿಟ್ಟಿದ್ದ ಗೋಡೆಯನ್ನು.

ಅವಳು ಅವನ ತೋಳು ಹಿಡಿದು ಎಬ್ಬಿಸಿದಳು. ಹೊಸ್ತಿಲ ಹತ್ತಿರ ಬಂದಾಗ ಕಾಲೊರಸನ್ನು ಬೂಟಿನಿಂದ ಸರಿಸಿದಳು. ಅದರಡಿ ನೆಲದುದ್ದಕ್ಕೂ ಸಿಮೆಂಟು ಮೆತ್ತಿದ ಒಂದು ಸಂದು. "ಇಲ್ಲಿಗೆ ಈ ಕಟ್ಟಡ ಮುಗೀತು. ಅಲ್ಲಿಂದಾಚೆ ಇನ್ನೊಂದು." ಅವನು ಸಂದನ್ನು ನೋಡಿದ, ಹೆಂಡತಿಯನ್ನು ನೋಡಿದ, ಮತ್ತೆ ಸಂದನ್ನೇ ನೋಡಿದ.

ಹೆಂಡತಿ ಸೆರಗು ಬಾಯಿಗೆ ಹಿಡಿದು ಇಂಜಿನಿಯರ್‌ಗೇ ಹೇಳಿದಳು. "ಆ ಕಟ್ಟಡದ ಯಜಮಾನರೂ ನಮ್ಮಪ್ಪನೂ ಸ್ನೇಹಿತರು. ಸುಮ್ನೆ ಬಿದ್ದಿದೆ, ಬಳಸ್ಕೋ ಅಂದ್ರಂತೆ ಅವರು. ಈ ಕಡೆ ಗೋಡೆ ಒಡೆದು ಆ ಕಡೆ ಬಾಗಿಲು ಮುಚ್ಚಿದ್ರು. ಬರೀ ಬಾಯಿ ಮಾತು. ಅಳಿಯಂಗೆ ಹೇಳಬೇಡ ಮಗಳೇ, ನನ್ನ ಮಾನ ಹೋಗುತ್ತೆ ಅಂದ್ರು ಅಪ್ಪ. ಈಗ ಇಬ್ಬರೂ ಇಲ್ಲ."

"ಹೋದ ವಾರ ನನಗಾದ್ರೂ ಹೇಳಬಹುದಿತ್ತಲ್ಲ?"

"ಕೆಡವಿದ ಮೇಲೆ, ನಿಮ್ಮವರೇ ಗೊತ್ತಿಲ್ಲದೆ ನಮ್ಮ ಕೋಣೆ ಒಡೆದುಹಾಕಿದ್ರು ಅಂತ ಇವರಿಗೆ ಹೇಳೋಣ ಅಂದ್ಕೊಂಡಿದ್ದೆ."

ಬೈಯಬೇಕೋ, ಅವಳ ಭುಜದ ಮೇಲೆ ಕೈಯಿಡಬೇಕೋ ಇಂಜಿನಿಯರ್‌ಗೆ ತೋಚಲಿಲ್ಲ. ಇವತ್ತಿನ ಕೆಲಸ ರದ್ದು, ಮೊದಲು ಅಂಗಡಿಯಿಂದ ಹೋಗಿರೋ ತಂತಿ ಕತ್ತರಿಸಬೇಕು, ಈ ಮೂಲೆಯನ್ನು ಕೈಯಿಂದಲೇ ಬಿಡಿಸಬೇಕು ಎಂದು ವಾಕಿಟಾಕಿಯಲ್ಲಿ ಹೇಳತೊಡಗಿದಳು. ಹೇಳುತ್ತ ಹೇಳುತ್ತ ಅವಳ ಕಣ್ಣು ಮಾತ್ರ ಗಂಡ ಹೆಂಡಿರ ಮೇಲೇ ಇತ್ತು.

ರಿಪೇರಿಯವನಿಗೆ ಸಿಟ್ಟು ಬಂದಂತೆ ಕಾಣಲಿಲ್ಲ. ಕಳೆದುಹೋದ ಯಾವುದೋ ಸಣ್ಣ ಸ್ಕ್ರೂ ಹುಡುಕುವವನಂತೆ ನೆಲ ನೋಡುತ್ತ ನಿಂತಿದ್ದ. ಆಮೇಲೆ ಹೆಂಡತಿಗೆ ಮೆಲ್ಲಗೆ ಹೇಳಿದ:

"ಊಟಕ್ಕೆ ಕರೆಯುವಾಗ ನೀನು ಒಂದು ದಿನವಾದ್ರೂ 'ಹೊರಗೆ ಬನ್ನಿ' ಅಂದವಳಲ್ಲ. 'ಈ ಕಡೆ ಬನ್ನಿ' ಅಂತಿದ್ದೆ."