ಬಿಚ್ಚದ ಬೆಲ್ಟು

ಕಾರು ಓಡಿಸುವವರು ಯಾರನ್ನು ಪ್ರೀತಿಸುತ್ತಾರೋ ಅವರನ್ನು ಆ ಕಾರಿನ ಸೀಟ್ ಬೆಲ್ಟು ಇಳಿಯಲು ಬಿಡುತ್ತಿರಲಿಲ್ಲ. ದೋಷ ಸರಿಪಡಿಸಲು ಕಂಪನಿ ಆ ಮಾದರಿಯ ಎಲ್ಲ ಕಾರುಗಳನ್ನೂ ವಾಪಸು ಕರೆದಿತ್ತು. ಸರ್ವಿಸ್ ಸೆಂಟರಿನ ಸಾಲಿನಲ್ಲಿ, ಗಂಡ ಓಡಿಸಿ ತಂದ ಕಾರಿನಲ್ಲಿ ಜಲಜಾಕ್ಷಿ ಕೂತಿದ್ದಳು; ಪಕ್ಕದ ಕಾರಿನ ಇಂದ್ರಾಣಿಗೆ ಅವಳ ಗಂಡ ಚಿತ್ರಾನ್ನ ತಿನ್ನಿಸುತ್ತಿದ್ದ.

“ನಿನ್ನೆಯಿಂದ ಹಿಂಗೇ ಕೂತಿದೀನಿ ಕಣ್ರೀ, ಸಾಕಾಗೋಯ್ತು!” ಎಂದಳು ಇಂದ್ರಾಣಿ. ಮುಖದಲ್ಲಿ ಮಾತ್ರ ಮದುವಣಗಿತ್ತಿಯ ಕಳೆ.

ಜಲಜಾಕ್ಷಿಯ ಹೊಟ್ಟೆ ಉರಿಯಿತು. ತನ್ನ ಬೆಲ್ಟಿನ ಗುಂಡಿ ಒತ್ತಿದಳು. ಟಕ್ಕನೆ ಬಿಚ್ಚಿಕೊಂಡಿತು.

ಮೆಕ್ಯಾನಿಕ್ ಬಂದು ವಿಚಾರಿಸಿದ.

“ನಮ್ದೇನೂ ತೊಂದ್ರೆ ಇಲ್ಲಪ್ಪ,” ಎಂದ ಜಲಜಾಕ್ಷಿಯ ಗಂಡ, ಫೋನಿನಿಂದ ತಲೆಯೆತ್ತದೆ.

ಜಲಜಾಕ್ಷಿ ಬೆಲ್ಟನ್ನು ಮೆಲ್ಲಗೆ ಮತ್ತೆ ಸಿಕ್ಕಿಸಿ, ಗುಂಡಿಯನ್ನು ಅಂಗೈಯಿಂದ ಮುಚ್ಚಿದಳು.

“ಇವ್ರಿಗೇನ್ ಗೊತ್ತು?” ಎಂದಳು, ಇಂದ್ರಾಣಿಗೂ ಕೇಳುವಷ್ಟು ಜೋರಾಗಿ. “ಮೊನ್ನೆಯಿಂದ ಬಿಚ್ಚೋಕೇ ಆಗ್ತಿಲ್ಲ.”