ಹದಿನೇಳನೆಯ ಅಧ್ಯಯನ

“ನೀವು ಯಾವ ಮದ್ಯದ ಕಂಪನಿ ಕಡೆಯವರು?”

ಹಿಂದಿನ ಸಾಲಿನಿಂದ ಬಂದ ಪ್ರಶ್ನೆಗೆ ಸಭೆ ಗೊಳ್ಳೆಂದು ನಕ್ಕಿತು. ವರದಿಯ ಲೆಕ್ಕ ಒಪ್ಪುವುದಿಲ್ಲವೆಂದು ಎದ್ದು ನಿಂತಿದ್ದ ಯಜ್ಞೇಶ್ವರರು ಕೂರಲಿಲ್ಲ.

ನೌಪಾಡಾದ ಕನ್ನಡ ಸಂಘದಲ್ಲಿ ಅಂದು ಮದ್ಯದ ಬೆಲೆಯ ಚರ್ಚೆ. ವೇದಿಕೆಯ ಮೇಲೆ ಪ್ರಕೃತಿ, ಮೈಸೂರಿನಿಂದ ಬಂದ ಸಂಶೋಧಕಿ. ನಲವತ್ತೊಂದು ಅಧ್ಯಯನಗಳನ್ನು ಕೂಡಿಸಿ ಅವಳು ಒಂದೇ ಒಂದು ಅಂಕಿ ತೆಗೆದಿದ್ದಳು. ಬೆಲೆ ಶೇಕಡಾ ಹತ್ತು ಏರಿದರೆ ಕುಡಿತ ಶೇಕಡಾ ಐದು ಇಳಿಯುತ್ತದೆ. ಮುಂದಿನ ವಾರ ವರದಿ ಸರ್ಕಾರಕ್ಕೆ ಹೋಗಲಿತ್ತು.

“ಕಂಪನಿಯೂ ಇಲ್ಲ, ಎಂತದೂ ಇಲ್ಲ,” ಎಂದರು ಯಜ್ಞೇಶ್ವರರು. “ನಲವತ್ತು ವರ್ಷ ವಿಮಾ ಕಚೇರಿಯಲ್ಲಿ ಅಂಕಿಅಂಶ ನೋಡಿದವ ನಾನು. ನಿಮ್ಮ ಪಟ್ಟಿಯಲ್ಲಿ ಹದಿನೇಳನೆಯದು ಉಂಟಲ್ಲ, ಘಣಸೋಲಿಯದ್ದು? ಅದು ಸುಳ್ಳು.”

ಪ್ರಕೃತಿಯ ಮುಖ ಕೆಂಪಾಯಿತು. ಒಂಟಿಯಾಗಿ ಬದುಕುವ ಅರವತ್ತು ಮಂದಿಯ ಪುಟ್ಟ ಅಧ್ಯಯನವದು. ಆದರೆ ಕುಡಿತ ಅತಿ ಹೆಚ್ಚು ಇಳಿದದ್ದು ಅಲ್ಲೇ.

ಸಭೆ ಮುಗಿದ ಮೇಲೆ ಅವಳೇ ಅವರನ್ನು ಹುಡುಕಿಕೊಂಡು ಬಂದಳು. ಪಕ್ಕದ ಹೋಟೆಲಿನಲ್ಲಿ ಕೂತರು.

“ಎಲ್ಲರೆದುರು ಸುಳ್ಳು ಅಂದ್ರಲ್ಲ ಸಾರ್, ಆಧಾರ ಏನು?”

ಯಜ್ಞೇಶ್ವರರು ಚಹಾದ ಲೋಟವನ್ನು ಎರಡು ಸಲ ತಿರುಗಿಸಿದರು. “ಆ ಅರವತ್ತು ಮಂದಿಯಲ್ಲಿ ನಾನೂ ಒಬ್ಬ.”

ಪ್ರಕೃತಿಯ ಸಿಟ್ಟು ಅರ್ಧಕ್ಕೇ ಇಳಿಯಿತು.

ಹೆಂಡತಿ ರಮಾಮಣಿ ತೀರಿಕೊಂಡು ಆಗ ಏಳು ತಿಂಗಳಾಗಿತ್ತು. ಮಕ್ಕಳಿರಲಿಲ್ಲ. ಲಿಫ್ಟಿನ ಸದ್ದು ತಮ್ಮ ಮಹಡಿಯಲ್ಲಿ ನಿಂತರೆ ಸಾಕು, ಯಜ್ಞೇಶ್ವರರು ಪೇಪರ್ ಕೆಳಗಿಡುತ್ತಿದ್ದರು. ಅಂಥ ಒಂದು ಭಾನುವಾರ ಬಾಗಿಲು ತಟ್ಟಿದವಳು ಅಮಿತಾ, ಸಮೀಕ್ಷೆಯ ಹುಡುಗಿ. ಅಲ್ಲಿಂದ ಮುಂದೆ ಒಂದು ವರ್ಷ ಪ್ರತಿ ತಿಂಗಳ ಮೊದಲ ಭಾನುವಾರ ಬಂದಳು. ಊಟ ಹೇಗಿದೆ, ನಿದ್ದೆ ಬರುತ್ತದೆಯೇ, ದಿನಕ್ಕೆ ಎಷ್ಟು ಪೆಗ್ ಎಂದು ನಲವತ್ತು ಪ್ರಶ್ನೆ ಕೇಳಿ ಎಲ್ಲ ಬರೆದುಕೊಳ್ಳುತ್ತಿದ್ದಳು. ಅಷ್ಟು ಪ್ರಶ್ನೆಗಳನ್ನು ಅವರಿಗೆ ಯಾರೂ ಕೇಳಿರಲಿಲ್ಲ.

“ಬೆಲೆ ಏರಿತು. ನಾಲ್ಕು ಇದ್ದದ್ದು ಮೂರಾಯಿತು ಅಂದೆ. ‘ಶಾಬಾಶ್ ಅಂಕಲ್!’ ಅಂತ ಚಪ್ಪಾಳೆ ತಟ್ಟಿದಳು. ಮುಂದಿನ ತಿಂಗಳು ಎರಡು ಅಂದೆ. ಅವಳ ಮುಖ ನೀವು ನೋಡಬೇಕಿತ್ತು.”

“ವರ್ಷ ಮುಗೀತಿದ್ದಂಗೆ?”

“ಬರಲಿಲ್ಲ. ಫಾರಮ್ಮು ಮುಗಿದಿತ್ತಲ್ಲ.”

ಕುಡಿತ ಮುಚ್ಚಿಡುವವರನ್ನು ಪ್ರಕೃತಿ ಬೇಕಾದಷ್ಟು ಕಂಡಿದ್ದಳು. ದನಿ ಮೃದುವಾಯಿತು.

“ನಿಜ ಹೇಳಿ ಸಾರ್, ಬೆಲೆ ಏರಿದ ಮೇಲೂ ನೀವು ಮೊದಲಿನಷ್ಟೇ ಕುಡೀತಿದ್ರಾ?”

“ಮೊದಲಿನಷ್ಟೇ. ಒಂದು ಹನಿ ಕಡಿಮೆ ಆಗಲಿಲ್ಲ.”

“ಈಗಲೂ?”

“ಈಗಲೂ ಅಷ್ಟೇ.”

ಅವಳು ಪುಸ್ತಕ ತೆಗೆದು ಬರೆದುಕೊಂಡಳು. ವ್ಯಸನ ಬಿಡಿಸುವ ಒಬ್ಬ ಒಳ್ಳೆಯ ಡಾಕ್ಟರ್ ಸಾನಪಾಡಾದಲ್ಲಿದ್ದಾರೆ, ಬೇಕಾದರೆ ತಾನೇ ಜೊತೆಗೆ ಬರುತ್ತೇನೆ ಎಂದಳು. ಯಜ್ಞೇಶ್ವರರ ಕಣ್ಣು ಆಸೆಯಿಂದ ಒಮ್ಮೆ ಮೇಲೆದ್ದಿತು. ಹೂಂ ಎಂದರೆ ಸಾಕಿತ್ತು. ಅವರು ತಲೆ ತಗ್ಗಿಸಿದರು.

“ಬೇಡಮ್ಮ. ಇನ್ನೊಂದು ಸುಳ್ಳು ಬೇಡ. ಬೆಲೆ ಏರಿಸುವುದು, ಬಿಡುವುದು ನಿಮಗೆ ಬಿಟ್ಟದ್ದು. ನನ್ನ ಮಾತಿನ ಮೇಲೆ ಮಾತ್ರ ಏರಿಸಬೇಡಿ.”

“ಮೊದಲ ದಿನ ನಾಲ್ಕು ಪೆಗ್ ಅಂದ್ರಲ್ಲ, ಅದಾದ್ರೂ ಸರಿಯಾದ ಲೆಕ್ಕ ತಾನೆ?”

“ಕುಡಿಯುವವರ ಮನೆಗೆ ಮಾತ್ರ ತಿಂಗಳು ತಿಂಗಳು ಬರುತ್ತೇನೆ ಅಂದಳಮ್ಮ ಆ ಹುಡುಗಿ, ನಾನು ಹುಟ್ಟಿದಾರಭ್ಯ ಒಂದು ತೊಟ್ಟು ಮುಟ್ಟಿದವನಲ್ಲ.”